ಖಾಕಿ ಮತ್ತು ಕಾಯಕ

ಪೊಲೀಸ್ ವೃತ್ತಿಯಲ್ಲಿ ತೃಪ್ತಿಯೆಂಬುದು ನೌಕರನ ಮನೋಧರ್ಮಕ್ಕೆ ಸೇರಿದ್ದೋ, ಅವನಿಗೆ ವಹಿಸಿದ ಕೆಲಸದ ನ್ಯಾಯಕ್ಕೆ ಸೇರಿದ್ದೋ ಎಂಬ ಪ್ರಶ್ನೆ ಆಡಳಿತದ ವಿಷಯವಾಗಿ ಕಂಡರೂ ಬುಡದಲ್ಲಿ ಧರ್ಮಜಿಜ್ಞಾಸೆಯೇ ಆಗಿದೆ. ನ್ಯೂಯಾರ್ಕ್ ನಗರದ ಪೊಲೀಸ್ ಇಲಾಖೆಯಲ್ಲಿ ದುಡಿದು ಬಳಿಕ ಸಮಾಜಶಾಸ್ತ್ರಜ್ಞರಾದ ಆರ್ಥರ್ ನೀಡರ್‌ಹಾಫರ್ ಅವರು 1967ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸಿನಿಕತನ, ಅಂದರೆ ಮನುಷ್ಯರ ಒಳ್ಳೆಯತನದಲ್ಲೂ ತನ್ನ ಕೆಲಸದ ಅರ್ಥದಲ್ಲೂ ನಂಬಿಕೆ ಕಳೆದುಕೊಳ್ಳುವ ಸ್ಥಿತಿ, ಸೇವೆಯ ಮೊದಲ ವರ್ಷಗಳಲ್ಲಿ ಏರುತ್ತ ಹೋಗಿ, ನಡುಗಾಲದಲ್ಲಿ ನೆಲೆನಿಂತು, ನಿವೃತ್ತಿ ಹತ್ತಿರವಾದಂತೆ ತುಸು ಇಳಿಯುತ್ತದೆ. ಈ ಕೊನೆಯ ಇಳಿಕೆಯನ್ನು ತೃಪ್ತಿಯೆಂದು ಕರೆಯಲು ಅವಸರಪಡಬಾರದು. ನಿರೀಕ್ಷೆ ಬತ್ತಿದಲ್ಲಿಯೂ ದೂರು ಅಡಗುತ್ತದೆ.

ಗೀತೆಯ ನಿಷ್ಕಾಮಕರ್ಮ, ಎಂದರೆ ಫಲದ ಆಸೆಯಿಲ್ಲದೆ ಕರ್ತವ್ಯ ನಡೆಸುವ ನಿಲುವು, ಹೊಸ ಕಾನ್‌ಸ್ಟೆಬಲ್‌ನ ಹುರುಪಿಗೆ ಒಪ್ಪುವಂಥದ್ದು. ಆದರೆ ಜಾತ್ರೆ, ಚುನಾವಣೆ, ಗಣೇಶೋತ್ಸವಗಳ ಬಂದೋಬಸ್ತಿನಲ್ಲಿ ವಾರದ ರಜೆ ಕಳೆದುಕೊಳ್ಳುತ್ತ, ಮಕ್ಕಳ ಹಬ್ಬಗಳಿಗೆ ಹೊರಗಿನವನಾಗಿ, ಹೆಡ್ ಕಾನ್‌ಸ್ಟೆಬಲ್ ಬಡ್ತಿಗಾಗಿ ವರ್ಷಗಟ್ಟಲೆ ಕಾದವನಿಗೆ ಮೇಲಧಿಕಾರಿಗಳು ಅದನ್ನೇ ಬೋಧಿಸಿದರೆ ಅದು ಧರ್ಮವಾಗಿ ಉಳಿಯುವುದಿಲ್ಲ, ಏಕೆಂದರೆ ಫಲತ್ಯಾಗವೆಂಬುದು ಮನುಷ್ಯ ತಾನೇ ಕೈಗೊಳ್ಳಬೇಕಾದುದೇ ಹೊರತು ಮತ್ತೊಬ್ಬನ ಮೇಲೆ ಹೇರಬಹುದಾದುದಲ್ಲ.

12ನೆಯ ಶತಮಾನದ ಶರಣರ ಕಾಯಕತತ್ತ್ವ ಇಲ್ಲಿ ಹೆಚ್ಚು ನೆರವಾಗುತ್ತದೆ. ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿಸಿದಳೆಂಬ ಐತಿಹ್ಯದಲ್ಲಿ ದುಡಿಮೆಗೊಂದು ಅಳತೆಯಿದೆಯೆಂಬ ಅರಿವು ಅಡಗಿದೆ. ಲಂಚಕ್ಕೆ ಕೈಯೊಡ್ಡುವವನಿಗೆ ಅದು ನೇರ ಎಚ್ಚರಿಕೆ. ಪಡೆಯುವುದಕ್ಕೆ ಅಳತೆಯಿದ್ದರೆ ದುಡಿಸಿಕೊಳ್ಳುವುದಕ್ಕೂ ಅಳತೆ ಇರಲೇಬೇಕೆಂಬುದು ಐತಿಹ್ಯದಲ್ಲಿ ನುಡಿಯಾಗಿ ಬಂದಿಲ್ಲವಾದರೂ, ಅದರ ತರ್ಕದಿಂದ ತಪ್ಪದೆ ಹೊರಡುವ ಮಾತು.

ಕರ್ನಾಟಕದ ಪೊಲೀಸರು ವೇತನ, ವಾರದ ರಜೆ ಮುಂತಾದ ಬೇಡಿಕೆಗಳೊಂದಿಗೆ 2016ರ ಜೂನ್ 4ರಂದು ಸಾಮೂಹಿಕ ರಜೆಗೆ ಮುಂದಾದಾಗ ಅದನ್ನು ಬರಿಯ ಅಶಿಸ್ತೆಂದು ಕಂಡವರು ಈ ಅಳತೆಯ ಪ್ರಶ್ನೆಯನ್ನೇ ಮರೆತರು. ಮಿಕ್ಕ ಕಾರ್ಮಿಕರಂತೆ ಸಂಘ ಕಟ್ಟಿಕೊಳ್ಳುವ ಹಕ್ಕನ್ನು 1966ರ ಕೇಂದ್ರ ಕಾಯ್ದೆ ಪೊಲೀಸರಿಗೆ ನಿರ್ಬಂಧಿಸಿದೆ. ಶಸ್ತ್ರ ಹಿಡಿದವರಿಗೆ ಅಂಥ ನಿರ್ಬಂಧ ಅಗತ್ಯವೆಂದು ಒಪ್ಪಿದರೂ, ಅವರು ಕೇಳಲಾಗದ್ದನ್ನು ಕೇಳುವ ಮೊದಲೇ ಕೊಡುವ ಹೊಣೆ ಅವರ ಬಾಯಿ ಕಟ್ಟಿದ ಪ್ರಭುತ್ವದ ಮೇಲೆಯೇ ಬೀಳುತ್ತದೆ.