ನಾಲ್ಕು ಚಮಚದ ಲೆಕ್ಕ

ಒಂದು ಪ್ರಶ್ನೆ ಕೇಳ್ತೀನಿ, ತಕ್ಷಣ ಉತ್ತರ ಹೇಳಬೇಡಿ. 1965ರ ಒಂದು ಕಾರಿದೆ. ಬಾಡಿ ತುಕ್ಕು ಹಿಡಿದು ಉದುರಿ ಹೋಯ್ತು, ಹೊಸದು ಹಾಕಿದ್ರು. ಎಂಜಿನ್ ಬ್ಲಾಕ್ ಇನ್ಯಾವುದೋ ಕಾರಿನದು. ಗೇರ್‌ಬಾಕ್ಸ್ ಹೋದ ವರ್ಷ ಕೊಂಡಿದ್ದು. ಸೀಟು, ವೈರಿಂಗು, ಬ್ರೇಕು ಎಲ್ಲಾ ಹೊಸದು. ಹಳೆಯದು ಅಂತ ಉಳಿದಿರೋದು ನಂಬರು, ಸ್ಟೀರಿಂಗ್ ರ್‍ಯಾಕು, ಎರಡು ಬಾಗಿಲ ಹಿಡಿ, ಇಂಥ ಕೆಲವೇ ಭಾಗ. ಈಗ ಹೇಳಿ, ಇದು 1965ರ ಕಾರಾ?

ನಾನಂತೂ ಮೊದಲ ದಿನವೇ "ಅಲ್ಲ" ಅಂತ ತೀರ್ಪು ಕೊಟ್ಟುಬಿಟ್ಟಿದ್ದೆ. ಅದೂ ಕಾರಿನ ಮಾಲೀಕರ ಎದುರಿಗೇ.

ಆಗ ನಾನು ಆನ್‌ಸೈಟ್ ಅಂತ ಇಂಗ್ಲೆಂಡಿನಲ್ಲಿದ್ದೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬಾಡಿಗೆಗೆ ಸಿಕ್ಕ ಮನೆ ಬರ್ಮಿಂಗ್‌ಹ್ಯಾಮ್‌ನ ದಕ್ಷಿಣ ತುದಿಯಲ್ಲಿ, ಲಾಂಗ್‌ಬ್ರಿಜ್ ಹತ್ತಿರ. ಒಂದು ಕಾಲಕ್ಕೆ ಅಲ್ಲಿ ದೊಡ್ಡ ಕಾರ್ ಕಾರ್ಖಾನೆ ಇತ್ತು. ಆಸ್ಟಿನ್ ಸೆವೆನ್ ಹುಟ್ಟಿದ್ದು, ಆಮೇಲೆ ಮಿನಿಗಳು ಸಾಲುಸಾಲಾಗಿ ಹೊರಬಂದಿದ್ದು ಅಲ್ಲಿಂದಲೇ. 2005ರಲ್ಲಿ ಬಾಗಿಲು ಹಾಕ್ತು. ಪಕ್ಕದ ಮನೆಯವರು ಆ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು, ವಯಸ್ಸು ಎಪ್ಪತ್ತಾರು. ಅವರನ್ನ ಹೆಸರು ಹಿಡಿದೇ ಕರೀಬೇಕು ಅಂತ ಅವರ ಆಸೆ, ನನ್ನ ನಾಲಗೆಗೆ ಅದು ಬರ್ತಿರಲಿಲ್ಲ. ಮನಸ್ಸಲ್ಲಿ "ತಾತ" ಅಂತಲೇ ಇಟ್ಟುಕೊಂಡಿದ್ದೆ. ಇಲ್ಲೂ ಹಾಗೇ ಬರೀತೀನಿ.

ತಾತನ ಗ್ಯಾರೇಜಿನಲ್ಲಿ ಆ ಕಾರಿತ್ತು, ಮಿನಿ ಕೂಪರ್ ಎಸ್. ಇವತ್ತು ಇಂದಿರಾನಗರದಲ್ಲಿ ಕಾಣೋ ಮಿನಿ ಅಲ್ಲ, ಅದರ ಪಕ್ಕ ನಿಲ್ಲಿಸಿದ್ರೆ ಮರಿ ಥರ ಕಾಣುತ್ತೆ. ಮೂಲ ಮಿನಿ ಹತ್ತೇ ಅಡಿ ಉದ್ದ, ಚಕ್ರದ ರಿಮ್ಮು ಹತ್ತೇ ಇಂಚು. ಸೂಯೆಜ್ ಬಿಕ್ಕಟ್ಟಿನಲ್ಲಿ ಪೆಟ್ರೋಲು ತುಟ್ಟಿಯಾದಾಗ, ಕಡಿಮೆ ಕುಡಿಯೋ ಕಾರು ಬೇಕು ಅಂತ ಅಲೆಕ್ ಇಸಿಗೋನಿಸ್ ಅದನ್ನ ವಿನ್ಯಾಸ ಮಾಡಿದ. 1959ರಲ್ಲಿ ಬಂತು. ಎಂಜಿನ್ನನ್ನ ಅಡ್ಡಲಾಗಿ ಕೂರಿಸಿ, ಗೇರ್‌ಬಾಕ್ಸನ್ನ ಅದರ ಹೊಟ್ಟೆಯ ಕೆಳಗೇ ತುರುಕಿದ. ಎರಡಕ್ಕೂ ಒಂದೇ ಆಯಿಲ್. ಹಾಗೆ ಉಳಿದ ಜಾಗವೆಲ್ಲಾ ಜನಕ್ಕೆ. ಮಧ್ಯಮವರ್ಗದವರ ಈ ಪುಟ್ಟ ಕಾರಿನಲ್ಲಿ ರೇಸಿನ ದಮ್ಮಿದೆ ಅಂತ ಕಂಡುಕೊಂಡವನು ಜಾನ್ ಕೂಪರ್. 1961ರಲ್ಲಿ ಮಿನಿ ಕೂಪರ್, 1963ರಲ್ಲಿ ಕೂಪರ್ ಎಸ್. 1964ರ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದಿದ್ದು ಇದೇ.

ಶನಿವಾರಗಳಂದು ನಾನು ಅವರ ಗ್ಯಾರೇಜಿಗೆ ಹೋಗೋದು ಶುರುವಾಯ್ತು. ಪಾನಾ ಎತ್ತಿಕೊಡೋದು, ಟಾರ್ಚ್ ಹಿಡಿಯೋದು, ಟೀ ಕುಡಿಯೋದು. ರೇಸಿನಲ್ಲಿ ಕಾರು ಓಡಿಸ್ತಿದ್ದಿದ್ದು ಅವರ ಮಗಳು, ನಲವತ್ತು ದಾಟಿದವರು. ಎಂಟು ವರ್ಷದಿಂದ ಅಪ್ಪ ಕಟ್ಟೋದು, ಮಗಳು ಓಡಿಸೋದು. ಒಂದು ಸಲವೂ ಮೊದಲ ಮೂರರೊಳಗೆ ಬಂದಿರಲಿಲ್ಲ.

ಅಂಥ ಒಂದು ಶನಿವಾರವೇ ನಾನು ಕೇಳಿದ್ದು, "ಇದರಲ್ಲಿ ಹಳೇದು ಏನಿದೆ ಅಂತ ಇದನ್ನ ಹಳೇ ಕಾರು ಅಂತೀರಿ?"

ಈ ಪ್ರಶ್ನೆ ನನ್ನದೇನಲ್ಲ. ಥೀಸಿಯಸ್‌ನ ಹಡಗಿನ ಕಥೆಯನ್ನ ಪ್ಲುಟಾರ್ಕ್ ಹೇಳಿದ್ದಾನೆ: ಕೊಳೆತ ಹಲಗೆಗಳನ್ನ ಒಂದೊಂದಾಗಿ ಬದಲಾಯಿಸ್ತಾ ಹೋದ್ರೆ ಹಡಗು ಅದೇನಾ, ಬೇರೆಯಾ? ನಮ್ಮ ಕಡೆ ಮಿಲಿಂದಪಞ್ಹದಲ್ಲಿ ನಾಗಸೇನ ರಾಜ ಮಿಲಿಂದನನ್ನ ರಥದ ಬಗ್ಗೆ ಕೇಳ್ತಾನೆ. ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಯಾವುದೂ ಅಲ್ಲ. ಇವೆಲ್ಲ ಸೇರಿಕೊಂಡಾಗ ನಾವು ಇಟ್ಟುಕೊಂಡ ಹೆಸರು ರಥ, ಅಷ್ಟೇ.

ತಾತ ನಾಗಸೇನನ ಹೆಸರು ಕೇಳಿರಲಿಲ್ಲ. ಆದ್ರೆ ಅವರ ಸರ್ಕಾರದ ಬಳಿ ಉತ್ತರ ಇತ್ತು, ಅದೂ ಅಂಕಗಳ ಲೆಕ್ಕದಲ್ಲಿ. ಬ್ರಿಟನ್ನಿನಲ್ಲಿ ಭಾರಿ ಬದಲಾವಣೆ ಮಾಡಿದ ವಾಹನ ತನ್ನ ಹಳೇ ನಂಬರು ಉಳಿಸಿಕೊಳ್ಳೋಕೆ ಎಂಟು ಅಂಕ ಗಳಿಸಬೇಕು ಅನ್ನೋ ಪದ್ಧತಿ ಬಹುಕಾಲ ಇತ್ತು. ಚಾಸಿ ಅಥವಾ ಬಾಡಿ ಶೆಲ್‌ಗೆ ಐದು. ಸಸ್ಪೆನ್ಷನ್, ಆಕ್ಸಲ್, ಟ್ರಾನ್ಸ್‌ಮಿಷನ್, ಸ್ಟೀರಿಂಗ್, ಇವಕ್ಕೆ ತಲಾ ಎರಡು. ಎಂಜಿನ್‌ಗೆ? ಒಂದೇ ಒಂದು! ನಾವು ಕಾರಿನ ಹೃದಯ ಅನ್ನೋದಕ್ಕೆ ಅಲ್ಲಿ ಬೆಲೆ ಎಲ್ಲಕ್ಕಿಂತ ಕಡಿಮೆ. ಇನ್ನೂ ತಮಾಷೆ ಅಂದ್ರೆ, ಅದೇ ವಿನ್ಯಾಸದ ಹೊಚ್ಚಹೊಸ ಶೆಲ್ ಹಾಕಿ ರಸೀದಿ ತೋರಿಸಿದ್ರೂ ಐದು ಅಂಕ ಸಿಕ್ತಿತ್ತು. ಮಿನಿಯ ಹೊಸ ಶೆಲ್‌ಗಳನ್ನ ಮೂಲ ಅಚ್ಚುಗಳನ್ನೇ ಬಳಸಿ ವಿಟ್ನಿ ಅನ್ನೋ ಊರಲ್ಲಿ ಈಗಲೂ ಒತ್ತಿ ಕೊಡ್ತಾರೆ. ತಾತನ ಕಾರಿನದೂ ಅಲ್ಲಿಂದ ಬಂದಿದ್ದೇ.

"ಅಂದ್ರೆ ಕಾಗದದ ಮೇಲೆ ಹಳೇದು," ಅಂದೆ ನಾನು.

"ಕಾಗದ ಸುಳ್ಳು ಹೇಳದಿದ್ರೆ ಸಾಕು," ಅಂದ್ರು. ಆ ಮಾತು ಆವತ್ತು ನನ್ನ ಕಿವಿ ಮೇಲೆ ಹಾದುಹೋಯ್ತು ಅಷ್ಟೇ.

ಆ ಬೇಸಿಗೆಯಲ್ಲಿ ಎಂಜಿನ್ ಬೋರಿಂಗಿಗೆ ಹೋಯ್ತು. ಓಡಿ ಓಡಿ ಸಿಲಿಂಡರಿನ ಗೋಡೆ ಸವೆದಾಗ ಅದನ್ನ ಸ್ವಲ್ಪ ಅಗಲ ಕೊರೆದು, ಅಷ್ಟೇ ದೊಡ್ಡ ಪಿಸ್ಟನ್ ಹಾಕ್ತಾರೆ. ಲೆಕ್ಕ ಥೌನಲ್ಲಿ. ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ. ನಮ್ಮ ಜೆ.ಸಿ. ರಸ್ತೆಯ ಲೇತಿನವರ ಬಾಯಲ್ಲೂ ಇದೇ ಮಾತು. ಕೂಪರ್ ಎಸ್ ಎಂಜಿನ್ 1275 ಸಿಸಿ. ಇಪ್ಪತ್ತು ಥೌ ಕೊರೆದ್ರೆ 1293 ಆಗುತ್ತೆ. ಅವರ ಕ್ಲಾಸಿನ ಮಿತಿ 1300, ಒಳಗೇ ಬಂತು. ನಲವತ್ತು ಥೌ ಕೊರೆದ್ರೆ 1312, ಹೊರಗೆ. ತಾತ ಹೇಳಿಕಳಿಸಿದ್ದು ಇಪ್ಪತ್ತು.

ಮ್ಯಾಲರಿ ಪಾರ್ಕ್ ಅಂತ ಲೆಸ್ಟರ್‌ಶೈರ್‌ನಲ್ಲಿ ಒಂದು ಚಿಕ್ಕ ಟ್ರ್ಯಾಕ್ ಇದೆ. ರೇಸಿಗೆ ನಾನೂ ಹೋಗಿದ್ದೆ. ಅಲ್ಲಿನ ಜೆರಾರ್ಡ್ಸ್ ಅನ್ನೋ ತಿರುವು ಮುಗಿಯೋದೇ ಇಲ್ವೇನೋ ಅನ್ನೋಷ್ಟು ಉದ್ದ. ಆ ತಿರುವಿನಲ್ಲಿ ಮಿನಿ ಓಡಿಸೋರು ಆಕ್ಸಿಲರೇಟರ್ ಬಿಡೋ ಹಾಗಿಲ್ಲ. ಮುಂದಿನ ಚಕ್ರಗಳೇ ಕಾರನ್ನ ಎಳೀತಿರೋದು, ಥಟ್ಟನೆ ಕಾಲು ತೆಗೆದ್ರೆ ಹಿಂಭಾಗ ಜಾರಿ ಮುಂದೆ ಬಂದುಬಿಡುತ್ತೆ. ಹೆದರಿಕೆ ಆದಾಗ ಕಾಲು ಒತ್ತಬೇಕು, ತೆಗೀಬಾರದು. ತಾತನ ಮಗಳು ಆವತ್ತು ಒಂದು ಸಲವೂ ತೆಗೀಲಿಲ್ಲ. ಒಳಬದಿಯ ಹಿಂದಿನ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ, ನೇರ ಹಲ್ಲಿನ ಗೇರುಗಳು ಕಿವಿ ಕೊರೆಯೋ ಹಾಗೆ ಊಳಿಡ್ತಾ. ಕ್ಲಾಸಿನಲ್ಲಿ ಮೂರನೇ ಸ್ಥಾನ! ಬಹುಮಾನ ಒಂದು ಲೋಹದ ಮಗ್. ವಾಪಸ್ ಬರೋವಾಗ ವ್ಯಾನಿನಲ್ಲಿ ಅದನ್ನ ಅವರು ಮಡಿಲಲ್ಲೇ ಇಟ್ಟುಕೊಂಡಿದ್ರು.

ಮುಂದಿನ ಶನಿವಾರ. ರೇಸಿನ ಕೊನೆಯಲ್ಲಿ ಎಂಜಿನ್ ಯಾಕೋ ಬಿಸಿಯಾಗಿತ್ತು ಅಂತ ತಾತ ಸಿಲಿಂಡರ್ ಹೆಡ್ ಬಿಚ್ಚಿದ್ರು. ಗ್ಯಾಸ್ಕೆಟ್ ಸುಟ್ಟಿತ್ತು. ಪಿಸ್ಟನ್ ತಲೆ ಮೇಲಿನ ಮಸಿಯನ್ನ ಬಟ್ಟೆಯಿಂದ ಒರೆಸಿದ್ರು. ಅಲ್ಲಿ ಒತ್ತಿದ ಅಂಕಿ ಕಾಣಿಸ್ತು: 040.

ಬೋರ್ ಮಾಡಿದವರಿಗೆ ಗೋಡೆಯಲ್ಲಿ ಆಳದ ಗೀರು ಸಿಕ್ಕಿರಬೇಕು, ಇಪ್ಪತ್ತಕ್ಕೆ ಹೋಗಲ್ಲ ಅಂತ ನಲವತ್ತು ಮಾಡಿ, ಅದಕ್ಕೆ ತಕ್ಕ ಪಿಸ್ಟನ್ ಹಾಕಿ ಜೋಡಿಸಿದ್ದಾರೆ. ಹೇಳೋಕೆ ಮರೆತಿದ್ದಾರೆ. ತಾತನೂ ಅಳೆದು ನೋಡಿಲ್ಲ.

ನಾನು ಮನೆಗೆ ಬಂದು ಲೆಕ್ಕ ಹಾಕಿದೆ. 1312ರಿಂದ 1293 ಕಳೆದ್ರೆ 19 ಸಿಸಿ. ಹತ್ತೊಂಬತ್ತು ಮಿಲಿಲೀಟರ್, ಅಡುಗೆಮನೆಯ ಟೀ ಚಮಚದಲ್ಲಿ ಹೆಚ್ಚುಕಡಿಮೆ ನಾಲ್ಕು. ಎಂಜಿನ್ ಗಾತ್ರದಲ್ಲಿ ನೂರಕ್ಕೆ ಒಂದೂವರೆ. ಓಡಿಹೋಗಿ ತಾತನಿಗೆ ವಾದ ಮಂಡಿಸಿದೆ. ನಾಲ್ಕು ಚಮಚದಿಂದ ಯಾರೂ ಗೆಲ್ಲಲ್ಲ. ಯಾರೂ ಬಿಚ್ಚಿ ನೋಡಿಲ್ಲ, ನೋಡೋದೂ ಇಲ್ಲ. ತಪ್ಪು ನಿಮ್ಮದಲ್ಲ. ಮತ್ತೆ ನನ್ನ ಬ್ರಹ್ಮಾಸ್ತ್ರ: ಇಡೀ ಕಾರನ್ನೇ ಬದಲಾಯಿಸಿ "ಇದು ಅದೇ ಕಾರು" ಅನ್ನೋರು ನೀವು, ನಾಲ್ಕು ಚಮಚಕ್ಕೆ ಯಾಕಿಷ್ಟು?

ಅವರು ಕೈ ಒರೆಸಿಕೊಳ್ತಾ ಹೇಳಿದ್ರು, "ಬದಲಾಯಿಸಿದ್ದನ್ನೆಲ್ಲಾ ಬರೆದುಕೊಟ್ಟಿದ್ದೀನಿ. ಇದನ್ನ ಬರೆದಿಲ್ಲ. 1293 ಅಂತ ಸಹಿ ಹಾಕಿದ್ದೀನಿ."

ಅಷ್ಟೇ. ಭಾಷಣ ಇಲ್ಲ.

ಈಗ ಯೋಚಿಸಿದ್ರೆ, ನಾನು ಕೇಳ್ತಿದ್ದ ಪ್ರಶ್ನೆಯೇ ತಪ್ಪು. ಎಷ್ಟು ಬದಲಾಯ್ತು ಅಂತ ಕೇಳ್ತಿದ್ದೆ. ಬದಲಾಗಿದ್ದು ಯಾರಿಗೆ ಗೊತ್ತು ಅಂತ ಕೇಳಬೇಕಿತ್ತು. ಶೆಲ್ ಹೊಸದು ಅಂತ ಕ್ಲಬ್ಬಿನವರಿಗೆ ಗೊತ್ತು, ಎದುರಾಳಿಗಳಿಗೆ ಗೊತ್ತು, ಅವರ ಕಾರಿನದೂ ಹೊಸದೇ. ಅದು ಎಲ್ಲರೂ ಒಪ್ಪಿಕೊಂಡ ಬದಲಾವಣೆ. ನಾಲ್ಕು ಚಮಚ ಗೊತ್ತಿದ್ದಿದ್ದು ಆ ಗ್ಯಾರೇಜಿನಲ್ಲಿದ್ದ ಇಬ್ಬರಿಗೆ ಮಾತ್ರ. 1300 ಅನ್ನೋ ಅಂಕಿಯಲ್ಲಿ ಪವಿತ್ರವಾದದ್ದೇನೂ ಇಲ್ಲ, ಬೇರೆ ಯಾವುದೋ ಅಂಕಿಯೂ ಆಗಬಹುದಿತ್ತು. ಆದ್ರೆ ಆ ಗೆರೆ ಇಲ್ಲದಿದ್ರೆ ಆಟವೇ ಇಲ್ಲ. ಬರೀ ವೇಗವೇ ಬೇಕಿದ್ರೆ ಇವತ್ತಿನ ಯಾವುದಾದ್ರೂ ಕಾರು ಕೊಂಡ್ರೆ ಮುಗೀತು. ಅಷ್ಟರೊಳಗೇ ಎಷ್ಟು ಹಿಂಡಬಹುದು ಅನ್ನೋದರಲ್ಲೇ ಅದರ ಮಜಾ.

"ಗೆರೆಯೇ ಅನ್ಯಾಯದ್ದಾಗಿದ್ರೆ?" ಅಂತ ನೀವು ಕೇಳಬಹುದು. ಆಗಬಹುದು, ಆಗಿದೆ ಕೂಡ. 1966ರ ಮಾಂಟೆ ಕಾರ್ಲೊದಲ್ಲಿ ಮಿನಿಗಳು ಮೊದಲ ಮೂರೂ ಸ್ಥಾನ ಬಾಚಿಕೊಂಡವು. ಹೆಡ್‌ಲೈಟಿನ ಬಲ್ಬು, ಡಿಪ್ ಮಾಡೋ ವ್ಯವಸ್ಥೆ ನಿಯಮಕ್ಕೆ ಹೊಂದಲ್ಲ ಅಂತ ಮೂರನ್ನೂ ಅನರ್ಹ ಮಾಡಿದ್ರು. ಗೆಲುವು ಫ್ರಾನ್ಸಿನ ಸಿತ್ರೊಯೆನ್ ಕಾರಿನ ಪಾಲಾಯ್ತು. ಆ ಮಿನಿಗಳನ್ನ ಕಟ್ಟಿದ ಕಂಪನಿಯಲ್ಲೇ ದುಡಿದ ತಾತನಿಗೆ ಐವತ್ತು ವರ್ಷ ಕಳೆದ್ರೂ ಅದು ಹೇಳುವಾಗ ಮುಖ ಕೆಂಪಾಗ್ತಿತ್ತು. ಆದ್ರೆ ಆ ತಂಡ ಬಹಿರಂಗವಾಗಿ ಪ್ರತಿಭಟಿಸಿತು, ಮೇಲ್ಮನವಿ ಹಾಕಿತು, ಸೋತಿತು, ಮುಂದಿನ ವರ್ಷ ಮತ್ತೆ ಹೋಗಿ ಗೆದ್ದಿತು. ನಿಯಮದ ಜೊತೆ ಜಗಳ ಆಡೋದು ಒಂದು. ನಿಯಮ ಪಾಲಿಸಿದ್ದೀನಿ ಅಂತ ಸಹಿ ಹಾಕಿ ಸುಮ್ಮನಿರೋದು ಇನ್ನೊಂದು.

ಕಷ್ಟ ಆಗಿದ್ದು ಮಗಳ ವಿಷಯದಲ್ಲಿ. ಮಗ್ ಅವರದು. ಅಪ್ಪನ ಪ್ರಾಮಾಣಿಕತೆಗೆ ಬೆಲೆ ತೆರಬೇಕಾದವರು ಅವರು. ತಾತ ತಾವಾಗೇ ಕ್ಲಬ್ಬಿಗೆ ಬರೀಲಿಲ್ಲ. ಪಿಸ್ಟನ್ ಬಿಚ್ಚಿ ಅಡುಗೆಮನೆ ಮೇಜಿನ ಮೇಲಿಟ್ಟು ಮಗಳನ್ನ ಕರೆಸಿದ್ರು. ಅವರು ಅಂಕಿ ನೋಡಿದ್ರು, ಎದ್ದು ಹೋದ್ರು. ಎರಡು ದಿನ ಫೋನ್ ಇಲ್ಲ. "ಹೇಳಬಾರದಿತ್ತೇನೋ" ಅಂತ ತಾತನೇ ಒಮ್ಮೆ ಅಂದ್ರು. ಮೂರನೇ ದಿನ ಮಗಳು ಬಂದು ಪತ್ರಕ್ಕೆ ತಾವೂ ಸಹಿ ಹಾಕಿದ್ರು. ಖುಷಿಯಿಂದಲ್ಲ. ಫಲಿತಾಂಶ ತಿದ್ದುಪಡಿಯಾಯ್ತು, ಮಗ್ ನಾಲ್ಕನೆಯವರಿಗೆ ಹೋಗಬೇಕಾಯ್ತು. ಆಫೀಸಿನ ದಾರಿಯಲ್ಲೇ ಅಂಚೆ ಕಚೇರಿ ಇದ್ದಿದ್ದರಿಂದ ಪಾರ್ಸೆಲ್ ಕೊಡೋ ಕೆಲಸ ನನಗೆ ಬಿತ್ತು. ಒಳಗಿರೋ ವಸ್ತುವಿನ ಬೆಲೆ ಎಷ್ಟು ಅಂತ ಕೌಂಟರಿನವರು ಕೇಳಿದಾಗ ನಾನು ತಡವರಿಸಿ, ಹತ್ತು ಪೌಂಡ್ ಅಂದೆ.

ನನಗೆ ಆ ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಕಾರಣ ಮಗ್ ಅಲ್ಲ.

ಅದಕ್ಕೆ ಎರಡು ತಿಂಗಳ ಹಿಂದೆ ನಮ್ಮ ಪ್ರಾಜೆಕ್ಟಿನಲ್ಲಿ ದೊಡ್ಡ ರಿಲೀಸ್ ಇತ್ತು. ಕೊನೆ ರಾತ್ರಿ ಇನ್ನೂ ಹನ್ನೆರಡು ಟೆಸ್ಟ್ ಕೇಸ್ ಬಾಕಿ. ಹಿಂದಿನ ಸಲ ಪಾಸ್ ಆಗಿದ್ದವೇ, ಆ ಭಾಗದ ಕೋಡ್ ಯಾರೂ ಮುಟ್ಟಿರಲಿಲ್ಲ. ಓಡಿಸದೇ "ಪಾಸ್" ಅಂತ ಹಾಕಿ ಸೈನ್ ಆಫ್ ಕೊಟ್ಟೆ. ಐನೂರಕ್ಕೆ ಹನ್ನೆರಡು. ನನ್ನ ನಾಲ್ಕು ಚಮಚ. "ಓಡಿಸಿಲ್ಲ, ಕಾರಣ ಇದು" ಅಂತ ಒಂದು ಸಾಲು ಬರೆದಿದ್ರೆ ಬಹುಶಃ ಮ್ಯಾನೇಜರ್ ಒಪ್ಪಿಬಿಡ್ತಿದ್ರು. ಬರೀಲಿಲ್ಲ. ರಿಲೀಸ್ ಸಲೀಸಾಗಿ ಹೋಯ್ತು. ಏನೂ ಆಗಲಿಲ್ಲ. ನನಗೊಂದು ಸರ್ಟಿಫಿಕೇಟ್ ಕೊಟ್ಟು ಚಪ್ಪಾಳೆ ತಟ್ಟಿದ್ರು.

ಏನೂ ಆಗಲಿಲ್ಲ ಅನ್ನೋದೇ ದೊಡ್ಡ ತೊಂದರೆ. ಏನಾದ್ರೂ ಆಗಿದ್ದಿದ್ರೆ ಸಿಕ್ಕಿಬೀಳ್ತಿದ್ದೆ, ಬೈಸಿಕೊಳ್ತಿದ್ದೆ, ಮುಗೀತಿತ್ತು. ಏನೂ ಆಗದೇ ಇದ್ದಿದ್ದರಿಂದ ಮುಂದಿನ ರಿಲೀಸಿಗೆ ಹನ್ನೆರಡು ಇಪ್ಪತ್ತಾಯ್ತು. ಒಂದು ಸಲ ಬೋರ್ ಮಾಡಿದ ಸಿಲಿಂಡರ್ ಮತ್ತೆ ಕಿರಿದಾಗಲ್ಲ, ಮುಂದಿನ ಸಲ ಇನ್ನೂ ಅಗಲವೇ.

ನಾನು ತಾತನ ಥರ ಪತ್ರ ಬರೆದೆ ಅಂತ ಹೇಳಿದ್ರೆ ಈ ಬರಹಕ್ಕೆ ಚೆಂದದ ಮುಕ್ತಾಯ ಸಿಗುತ್ತೆ. ಬರೀಲಿಲ್ಲ. ಹಳೇದನ್ನ ಯಾರಿಗೂ ಹೇಳಲಿಲ್ಲ, ವೀಸಾ, ಪ್ರಮೋಷನ್ ಎರಡರ ಭಯವೂ ಇತ್ತು. ಆದ್ರೆ ಮೂರನೇ ರಿಲೀಸಿನಿಂದ ಓಡಿಸದೇ ಬಿಟ್ಟಿದ್ದನ್ನ "ಓಡಿಸಿಲ್ಲ" ಅಂತಲೇ ಹಾಕೋಕೆ ಶುರು ಮಾಡಿದೆ. ಮೊದಲ ಸಲ ಮೀಟಿಂಗಿನಲ್ಲಿ ಎಲ್ಲರೆದುರು ಸಮಜಾಯಿಷಿ ಕೊಡಬೇಕಾಯ್ತು, ಕೈ ಬೆವರಿತ್ತು. ಆಮೇಲೆ ಅಭ್ಯಾಸ ಆಯ್ತು.

ಬೆಂಗಳೂರಿಗೆ ಬಂದು ಈಗ ಕೆಲವು ವರ್ಷ ಆಯ್ತು. ಕಂಪನಿ ಬದಲಾಯ್ತು, ಕೆಲಸ ಬದಲಾಯ್ತು, ಕನ್ನಡಕದ ನಂಬರ್ ಬದಲಾಯ್ತು. ಆ ಹನ್ನೆರಡು ಕೇಸಿನ ಹುಡುಗ ನಾನೇನಾ ಅಂತ ಕೇಳಿದ್ರೆ, ನಾಗಸೇನ ಏನು ಹೇಳ್ತಿದ್ನೋ ಗೊತ್ತಿಲ್ಲ. ನನ್ನ ಮಟ್ಟಿಗೆ ಹೌದು, ನಾನೇ. ಸರ್ಟಿಫಿಕೇಟ್ ಇನ್ನೂ ಬೀರುವಿನಲ್ಲಿದೆ. ಅದನ್ನ ಕಳಿಸೋಣ ಅಂದ್ರೆ ನಾಲ್ಕನೇ ಸ್ಥಾನದವರು ಯಾರೂ ಇಲ್ಲ.