ಕಿಟಕಿಯ ಮೇಲಿನ ಲೋಟ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ನಮ್ಮ ಹಿರಿಯರ ಮಾತು. ಕ್ರಿಸ್ತನನ್ನು ನಂಬಿದವನಿಗೆ ಹೊಸ ಹುಟ್ಟು ಉಂಟು ಎಂಬುದು ಕ್ರೈಸ್ತಧರ್ಮದ ಬೋಧನೆ. ಎರಡರಲ್ಲಿ ಯಾವುದು ನಿಜ? ಧಾರವಾಡದ ಕಡೆಯ ಕ್ರೈಸ್ತ ಮನೆತನದಲ್ಲಿ ಹುಟ್ಟಿದ ನನಗೆ ನಲವತ್ತು ದಾಟುವವರೆಗೂ ಈ ಪ್ರಶ್ನೆ ಕಾಡಿರಲಿಲ್ಲ. ವರ್ಗವಾಗಿ ನಾಸಿಕ ಜಿಲ್ಲೆಯ ದಿಂಡೋರಿಗೆ ಬಂದ ಮೇಲೆ ಕಾಡಿತು. ಓದುಗರು ತಪ್ಪು ತಿಳಿಯಬಾರದು. ಮತಪ್ರಚಾರ ಮಾಡುವುದು ನನ್ನ ಉದ್ದೇಶವಲ್ಲ.

ನಾನು ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತ. ನಮ್ಮಲ್ಲಿ ನೌಕರನೊಬ್ಬ ಹೆಸರು ಬದಲಿಸಿಕೊಂಡರೆ ಪತ್ರಿಕೆಯಲ್ಲಿ ಪ್ರಕಟಣೆ, ಗೆಜೆಟ್ಟಿನಲ್ಲಿ ಅಧಿಸೂಚನೆ, ಕೊನೆಗೆ ಸರ್ವಿಸ್ ಬುಕ್ಕಿನಲ್ಲಿ ಒಂದು ನಮೂದು. ಅಲ್ಲಿಗೆ ಮುಗಿಯಿತು. ದೀಕ್ಷಾಸ್ನಾನವೂ ಇಂಥದೇ ಒಂದು ನಮೂದು. ನಮ್ಮ ಮನೆತನದಲ್ಲಿ ಅದು ಮೂರು ತಲೆಮಾರಿನ ಹಿಂದೆಯೇ ಆಗಿಹೋಗಿದೆ ಎಂದು ನಾನು ನಿಶ್ಚಿಂತೆಯಿಂದಿದ್ದೆ.

ಈ ಸೀಮೆಯ ಒಬ್ಬ ಹೆಣ್ಣುಮಗಳು ಆ ನಿಶ್ಚಿಂತೆಯನ್ನು ಕದಡಿದರು. ನಾಸಿಕದ ಬಳಿಯ ಜಲಾಲಪುರದಲ್ಲಿ 1868ರಲ್ಲಿ ಹುಟ್ಟಿದ ಲಕ್ಷ್ಮೀಬಾಯಿ ಟಿಳಕರು ಬೆಳೆದದ್ದು ಅತಿಯಾದ ಮಡಿಯ ತಂದೆಯ ಮನೆಯಲ್ಲಿ. ಪತಿ, ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಮುಂಬಯಿಯಲ್ಲಿ ಕ್ರೈಸ್ತರಾದಾಗ ಆಕೆಗೆ ಸಿಡಿಲು ಬಡಿದಂತಾಯಿತು. ಕೆಲವು ವರ್ಷ ಪತಿಯಿಂದ ದೂರವಿದ್ದರು. ಮರಳಿ ಬಂದ ಮೇಲೂ ತಮ್ಮ ಅಡಿಗೆ, ತಮ್ಮ ನೀರು ಬೇರೆಯೇ. ಬರಬರುತ್ತಾ ಅವರೊಳಗೇ ವಿಚಾರ ನಡೆದು, ಈ ಜಾತಿಗಳು ಮನುಷ್ಯ ಮಾಡಿದವು ಎಂದು ಮನವರಿಕೆಯಾಯಿತು. ಯಾರ ಕೈಯ ನೀರನ್ನಾದರೂ ಕುಡಿಯಲು ತೊಡಗಿದರು. ದೀಕ್ಷಾಸ್ನಾನವಾದದ್ದು ಆಮೇಲೆ, 1900ರಲ್ಲಿ. 1934ರಿಂದ ಭಾಗಭಾಗವಾಗಿ ಪ್ರಕಟವಾದ ಅವರ ಆತ್ಮಕಥೆ ‘ಸ್ಮೃತಿಚಿತ್ರೆ’ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ, ನಗುನಗುತ್ತಲೇ ಹೇಳುತ್ತದೆ. ಅವರಲ್ಲಿ ಬದಲಾವಣೆ ಮೊದಲು ಬಂದಿತು, ನಮೂದು ಆಮೇಲೆ. ನನ್ನಲ್ಲಿ?

ಕಳೆದ ಬೇಸಿಗೆಯಲ್ಲಿ ಶ್ರೀಮತಿ ಊರಿಗೆ ಹೋಗಿದ್ದಳು. ನಮ್ಮಲ್ಲಿ ಪಾತ್ರೆ ತಿಕ್ಕಲು ಬರುವ ಮಾವಶಿ ಆದಿವಾಸಿ ಹೆಂಗಸು. ಇಲ್ಲಿಯ ಕೆಲಸ ಮುಗಿಸಿ ದ್ರಾಕ್ಷಿತೋಟದ ಕೂಲಿಗೆ ಹೋಗುವವರು. ಅಂದು ಚಹಾ ನಾನೇ ಮಾಡಿದೆ. ಸೋಸಿ, ಅವರಿಗೆ ಕೊಡಬೇಕೆಂದಾಗ ನನ್ನ ಕೈ ತಾನಾಗಿಯೇ ಹಿತ್ತಲ ಕಿಟಕಿಯ ಮೇಲಿದ್ದ ಸ್ಟೀಲ್ ಲೋಟದತ್ತ ಹೋಯಿತು. ಅದು ಅವರ ಲೋಟ. ಅಲ್ಲಿಡಬೇಕೆಂದು ಯಾರೂ ಹೇಳಿದ್ದಿಲ್ಲ. ನಮ್ಮ ಅಜ್ಜಿಯ ಮನೆಯಲ್ಲಿ ಇತ್ತು, ತಾಯಿಯ ಮನೆಯಲ್ಲಿ ಇತ್ತು, ನಮ್ಮಲ್ಲೂ ಇತ್ತು. ಗೋಡೆಯ ಮೇಲೆ ಶಿಲುಬೆ, ಕಿಟಕಿಯ ಮೇಲೆ ಲೋಟ!

ನಾಚಿಕೆಯಾಗಿ, ನಾವು ಕುಡಿಯುವ ಕಪ್ಪಿನಲ್ಲಿ ಸುರಿದು ಕೊಟ್ಟೆ. ಅವರು ಮುಟ್ಟಲಿಲ್ಲ. “ಸಾಹೇಬ, ಮಾಝಾ ಪೇಲಾ ಕುಠೆ?” ಎಂದರು. ನನ್ನ ಲೋಟ ಎಲ್ಲಿ ಎಂಬ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ನನ್ನ ಒಂದು ದಿನದ ಪಶ್ಚಾತ್ತಾಪವನ್ನು ಅವರು ನಂಬುವುದಾದರೂ ಹೇಗೆ?

ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವನಾದ್ದರಿಂದ ಇಲ್ಲಿಯ ತೋಟಗಳನ್ನು ಕುತೂಹಲದಿಂದ ನೋಡುತ್ತೇನೆ. ಡಾಗ್‌ರಿಜ್ ಎಂಬ ಗಟ್ಟಿ ಬೇರಿನ ಬಳ್ಳಿಗೆ ಥಾಮ್ಸನ್ ಮುಂತಾದ ತಳಿಗಳನ್ನು ಕಸಿ ಕಟ್ಟುತ್ತಾರೆ. ಕಸಿ ಕೂಡಿಕೊಂಡಿತೆಂದು ರೈತ ಸುಮ್ಮನಿರುವಂತಿಲ್ಲ. ಕಸಿಯ ಕೆಳಗಿನಿಂದ ಹಳೆಯ ಬೇರಿನ ಚಿಗುರು ಒಡೆಯುತ್ತಲೇ ಇರುತ್ತದೆ, ಕಂಡಾಗಲೆಲ್ಲ ಕಿತ್ತುಹಾಕಬೇಕು. ಬಿಟ್ಟರೆ ಅದೇ ಬಲಿತು ಹೊಸ ಬಳ್ಳಿಯ ಸಾರ ಹೀರುತ್ತದೆ. ಹಾಗೆಂದು ಯಾರೂ ಬೇರನ್ನೇ ಕಡಿಯುವುದಿಲ್ಲ. ಹೊಸ ಹುಟ್ಟೂ ಸುಳ್ಳಲ್ಲ, ಗಾದೆಯೂ ಸುಳ್ಳಲ್ಲ ಎಂದು ನನಗೆ ಹೊಳೆದದ್ದು ಇದನ್ನು ನೋಡಿ.

ಬೇರು ಯಾವುದು, ಕೀಳಬೇಕಾದ ಚಿಗುರು ಯಾವುದು ಎಂಬ ವಿವೇಕ ಮಾತ್ರ ಬೇಕು. ಟಿಳಕರು ತುಕಾರಾಮರ ಅಭಂಗವನ್ನು ಬಿಡಲಿಲ್ಲ. ಅದೇ ಧಾಟಿಯಲ್ಲಿ ಕ್ರಿಸ್ತನನ್ನು ಹಾಡಿದರು. ಮಂಗಳೂರಿನಲ್ಲಿ 1844ರಲ್ಲಿ ದೀಕ್ಷೆ ಪಡೆದ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯರ ಹೆಸರಿನ ಮುಂದೆ ಹರ್ಮನ್ ಎಂಬುದು ಸೇರಿತು, ಆನಂದರಾವ್ ಅಳಿಯಲಿಲ್ಲ. ನುಡಿ, ಹಾಡು, ಹೆಸರು ಇವು ಬೇರು. ಮೇಲುಕೀಳು ಕೀಳಬೇಕಾದ ಚಿಗುರು. ಊರು ಬಿಟ್ಟು ಬಂದ ನಾವೆಲ್ಲರೂ, ಯಾವ ಧರ್ಮದವರೇ ಆಗಲಿ, ಟ್ರಂಕಿನಲ್ಲಿ ಕನ್ನಡದ ಜೊತೆಗೆ ಆ ಲೋಟವನ್ನೂ ಕಟ್ಟಿಕೊಂಡು ಬಂದಿದ್ದೇವೆಯೋ ಏನೋ, ಒಮ್ಮೆ ಬಿಚ್ಚಿ ನೋಡಿಕೊಳ್ಳುವುದು ಒಳ್ಳೆಯದು.

ಮರುದಿನವೂ ನನ್ನ ಕೈ ಕಿಟಕಿಯತ್ತಲೇ ಹೋಯಿತೆಂದು ಒಪ್ಪಿಕೊಳ್ಳಬೇಕು. ಶ್ರೀಮತಿ ಊರಿನಿಂದ ಬಂದ ಮೇಲೆ ಇಬ್ಬರೂ ಮಾತಾಡಿ ಆ ಲೋಟವನ್ನು ತಂದು ಒಳಗಿನ ಲೋಟಗಳ ಜೊತೆ ಬೆರೆಸಿದೆವು. ಎಲ್ಲವೂ ಒಂದೇ ತರಹದವು. ಯಾವುದು ಯಾರದೆಂದು ಈಗ ನಮಗೂ ಗುರುತು ಸಿಗದು. ಮಾವಶಿ ಚಹಾ ತೆಗೆದುಕೊಳ್ಳುತ್ತಾರೆ. ಆದರೆ ಇನ್ನೂ ಹೊಸ್ತಿಲ ಹೊರಗೇ ಕುಳಿತು ಕುಡಿಯುತ್ತಾರೆ. ಕರೆದರೆ ನಕ್ಕು, “ಇಲ್ಲೇ ಗಾಳಿ ಚೆನ್ನಾಗಿದೆ” ಎನ್ನುತ್ತಾರೆ. ನಾಳೆಯೂ ಕರೆಯಬೇಕು.