ಬೀಜಕ್ಕೆ ಬಿಟ್ಟ ಕಾಯಿ

ಚಳಿ ಹಿಂಜರಿದು ಗೇರು, ಮಾವು ಹೂ ಬಿಡುವ ಹೊತ್ತಿಗೆ ನಮ್ಮ ಕಾಸರಗೋಡಿನ ಹಿತ್ತಿಲುಗಳಲ್ಲೂ ಕೊಯ್ಲಾದ ಗದ್ದೆಗಳಲ್ಲೂ ತರಕಾರಿಯ ಸಾಲುಗಳೇಳುತ್ತವೆ. ಹರಿವೆ, ಅಲಸಂಡೆ, ಬೆಂಡೆ. ಎಲ್ಲಕ್ಕೂ ಮಿಗಿಲಾಗಿ ಸೌತೆ. ವಿಷುವಿನ ಕಣಿಗೆ ಹೊಂಬಣ್ಣದ ಸೌತೆ ಬೇಕೇ ಬೇಕು. ಬಾಳೆನಾರಿನಲ್ಲಿ ಕಟ್ಟಿ ಮಳೆಗಾಲಕ್ಕೆಂದು ತೂಗುಹಾಕುವುದೂ ಅದನ್ನೇ.

ಬಳ್ಳಿಯ ಅತ್ಯುತ್ತಮ ಕಾಯಿಯನ್ನು ಬೀಜಕ್ಕೆ ಬಿಡಬೇಕೆಂಬುದು ಹಿರಿಯರ ಕಟ್ಟಳೆ. ಬೆವರು ನನ್ನದು, ನೀರು ನನ್ನ ಬಾವಿಯದು. ಹಾಗಿದ್ದೂ ಒಳ್ಳೆಯ ಕಾಯಿಯನ್ನು ನಾನೇಕೆ ತಿನ್ನಬಾರದು? ಯಾರಿಗಾಗಿ ಈ ತ್ಯಾಗ?

ಬರುವ ವರ್ಷದ ನನಗಾಗಿ ಎಂದರೆ ಅದು ಬರಿಯ ಉಳಿತಾಯ. ಬ್ಯಾಂಕಿನ ಗುಮಾಸ್ತನಾದ ನನಗೆ ಉಳಿತಾಯದ ಅರ್ಥ ಗೊತ್ತು: ಠೇವಣಿ ಇಟ್ಟವನಿಗೇ ಬಡ್ಡಿ. ಬೀಜದ ಲೆಕ್ಕ ಹಾಗಲ್ಲ. ಒಂದು ಕಾಯಿಯಲ್ಲಿ ನೂರಾರು ಬೀಜ. ನನ್ನ ಹಿತ್ತಿಲಿಗೆ ಬೇಕಾದದ್ದು ಹತ್ತಿಪ್ಪತ್ತು. ಬೂದಿ ಬೆರೆಸಿ ಕಾದಿಟ್ಟ ಬೀಜವನ್ನು ಕೇಳಿಕೊಂಡು ಮಕರ ಮಾಸದಲ್ಲಿ ನೆರೆಮನೆಯ ಅಮ್ಮ ಬರುತ್ತಾರೆ: "ವಿತ್ತುಂಡೋ ಮೋನೇ?" ಮಲಯಾಳದ ವಿತ್ತ್, ತುಳುವಿನ ಬಿತ್ತ್, ಕನ್ನಡದ ಬಿತ್ತು. ನಮ್ಮ ನಡುವೆ ಅನುವಾದ ಬೇಕಾಗಿಲ್ಲ.

ಹಾಗಾದರೆ ಕೊಟ್ಟದ್ದು ದಾನವೇ? ಅದೂ ಅಲ್ಲವೆಂದು ತೋರುತ್ತದೆ. ಸೌತೆಬಳ್ಳಿಯಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಜೇನ್ನೊಣಗಳು ಪರಾಗ ಹೊತ್ತು ತಂದರೆ ಕಾಯಿ ಕಟ್ಟುತ್ತದೆ. ಆ ಪರಾಗ ಬೇಲಿಯಾಚೆಯ ಬಳ್ಳಿಯದೂ ಆಗಿರಬಹುದು. ನನ್ನದೆನ್ನುವ ಬೀಜದಲ್ಲಿ ನೆರೆಯವರ ಪಾಲು ಮೊದಲೇ ಸೇರಿರುವಾಗ, ಕೊಡುವುದೆಂದರೆ ಪಾಲನ್ನು ಹಿಂದಿರುಗಿಸುವುದೇ ಸರಿ.

ಅಂಗಡಿಯ ಹೈಬ್ರಿಡ್ ಪೊಟ್ಟಣದಿಂದ ಇಳುವರಿ ಹೆಚ್ಚು, ಅದನ್ನು ಹಳಿಯಲಾರೆ. ಆದರೆ ಅದರ ಬೀಜ ಬಿತ್ತಿದರೆ ಮರುವರ್ಷ ಅದೇ ಗುಣ ಒಂದೇ ತೆರನಾಗಿ ಬರುವುದಿಲ್ಲ. ಹಾಗಾಗಿ ಬೀಜಕ್ಕೆ ಬಿಡುವ ಗೊಡವೆಯಿಲ್ಲ, ಎಲ್ಲ ಕಾಯಿಯನ್ನೂ ತಿನ್ನಬಹುದು, ಯಾರಿಗೂ ಏನೂ ಬಾಕಿಯಿಲ್ಲ. ಈ ಋಣಮುಕ್ತಿಯೇ ನನ್ನನ್ನು ಕಾಡುವುದು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಬೀಜವನ್ನು ಉಳಿಸುವ, ಬಿತ್ತುವ, ಹಂಚುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಆದರೆ ಕಾಯಿಯನ್ನು ಬಳ್ಳಿಯಲ್ಲೇ ಬಿಡುವ ಮನಸ್ಸನ್ನು ಯಾವ ಕಾಯಿದೆಯೂ ಕೊಡಲಾರದು.

ಬ್ಯಾಂಕಿನಲ್ಲಿ ಸಾಲ ತೀರಿದೊಡನೆ ಖಾತೆ ಮುಚ್ಚುತ್ತೇವೆ. ಮತ್ತೆ ಮುಖ ನೋಡಬೇಕಾದ ಕಾರಣವಿರುವುದಿಲ್ಲ. ಬೀಜದ ಸಾಲ ಹಾಗೆ ತೀರುವಂಥದಲ್ಲ. ಈ ವರ್ಷ ನಾನು ಕೊಟ್ಟರೆ, ನನ್ನ ಬಳ್ಳಿ ಬಾಡಿದ ವರ್ಷ ಅವರ ಮನೆಯಿಂದ ಬರುತ್ತದೆ. ಇಂಥ ಬಾಕಿಗಳಿಂದಲೇ ನೆರೆಹೊರೆ ಉಳಿದಿದೆ. ಆದುದರಿಂದ ಮುಂದಿನ ಸಲ ಹಿತ್ತಿಲಲ್ಲಿ ಒಂದು ಸಾಲಾದರೂ ಊರ ಸೌತೆ ಹಾಕಿ, ಒಂದು ಒಳ್ಳೆಯ ಕಾಯಿಯನ್ನು ಬೀಜಕ್ಕೆ ಬಿಡಿ ಎಂಬುದು ಓದುಗರಲ್ಲಿ ನನ್ನ ಕೋರಿಕೆ.